ಆ ಬಿಳಿ ಅಂಚಿಗೆ ಕತ್ತರಿ ಹಾಕಬೇಡಿ

ಕಳೆದ ತಿಂಗಳು ಮಲೆನಾಡಿನ ಕಾಫಿ ತೋಟದ ಹಿರಿಯರೊಬ್ಬರು ಮನೆಯಲ್ಲಿದ್ದ ಹಳೆಯ ಚಿತ್ರವೊಂದನ್ನು ಪಂಚೆಯಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದರು. ಹಳೆಯ ಚೌಕಟ್ಟಿಗೆ ಗೆದ್ದಲು ಹತ್ತಿತ್ತಂತೆ. ಹೊಸದು ಹಾಕಲು ಕೊಟ್ಟರೆ, ಅಂಗಡಿಯವನು ತನ್ನಲ್ಲಿದ್ದ ಅಳತೆಯ ಫ್ರೇಮಿಗೆ ಹೊಂದಲೆಂದು ಸುತ್ತಲಿನ ಬಿಳಿ ಕಾಗದವನ್ನೆಲ್ಲ ಕತ್ತರಿಸಿದ್ದ. "ಚಿತ್ರಕ್ಕೇನೂ ಆಗಿಲ್ಲವಲ್ಲಮ್ಮ, ಖಾಲಿ ಕಾಗದ ತಾನೇ ಹೋಗಿದ್ದು?" ಎಂದರು.

ಕಾಗದ ಸಂರಕ್ಷಣೆಯ ಕೆಲಸದಲ್ಲಿ ನನ್ನ ಹೊಟ್ಟೆ ಉರಿಸುವ ಮಾತು ಇದೊಂದೇ.

ಚಿತ್ರವನ್ನು ನೋಡಿದೊಡನೆ ಗುರುತು ಸಿಕ್ಕಿತು. ಲಂಡನ್ನಿನ ಥೇಮ್ಸ್ ದಂಡೆ, ಅಮೆರಿಕದ ಕಲಾವಿದ ವಿಸ್ಲರ್ 1859ರಲ್ಲಿ ಮಾಡಿದ 'ಬ್ಲ್ಯಾಕ್ ಲಯನ್ ವಾರ್ಫ್' ಎಂಬ ಎಚ್ಚಿಂಗ್, ಅಂದರೆ ತಾಮ್ರದ ಫಲಕದಲ್ಲಿ ಆಮ್ಲದಿಂದ ಗೀರು ಕೊರೆದು ತೆಗೆದ ಅಚ್ಚು. ಎದುರು ದಡದಲ್ಲಿ ಒಂದಕ್ಕೊಂದು ಆತುಕೊಂಡ ಗೋದಾಮುಗಳು, ಹೆಂಚಿನ ಸೂರುಗಳು, ನೀರಿಗೆ ಇಳಿದ ಮರದ ಕಂಬಗಳು. ಒಂದೊಂದು ಹಲಗೆಯನ್ನೂ ಎಣಿಸಬಹುದು. ಮುಂದುಗಡೆ ಕುಳಿತ ನಾವಿಕನನ್ನು ಮಾತ್ರ ನಾಲ್ಕು ಗೀರುಗಳಲ್ಲಿ ಮುಗಿಸಿದ್ದಾನೆ. ಅಮೆರಿಕದ ಕರಾವಳಿ ಸರ್ವೆ ಇಲಾಖೆಯಲ್ಲಿ ನಕ್ಷೆ ಕೊರೆಯುವುದನ್ನು ಕಲಿತ ಕೈ ಅದು. ನದಿಯ ಎದುರು ಕುಳಿತು ನೇರವಾಗಿ ತಾಮ್ರದ ಮೇಲೆಯೇ ಗೀಚಿದ್ದರಿಂದ ಅಚ್ಚಿನಲ್ಲಿ ದಡ ಎಡಬಲ ಅದಲುಬದಲಾಗಿದೆ. ಇದನ್ನು ದೋಷವೆಂದು ತಿಳಿದು ಬಂದವರೂ ಇದ್ದಾರೆ, ಇರಲಿ.

ಈಗ ಆ 'ಖಾಲಿ' ಕಾಗದದ ವಿಷಯ. ಅಚ್ಚು ಹಾಕುವಾಗ ಶಾಯಿ ತುಂಬಿದ ತಾಮ್ರದ ಫಲಕದ ಮೇಲೆ ಒದ್ದೆ ಕಾಗದವಿಟ್ಟು ಉರುಳೆಯ ಕೆಳಗೆ ಹಾಯಿಸುತ್ತಾರೆ. ಆ ಭಾರಕ್ಕೆ ಕಾಗದ ಗೀರುಗಳೊಳಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಫಲಕದ ನಾಲ್ಕು ಅಂಚುಗಳೂ ಕಾಗದದೊಳಗೆ ಒತ್ತಿ, ಸುತ್ತಲೂ ಒಂದು ತಗ್ಗು ಉಳಿಯುತ್ತದೆ. ಇದೇ ಪ್ಲೇಟ್ ಮಾರ್ಕ್. ಕಣ್ಣಿಗೆ ಕಾಣದಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗದ್ದೆಯ ಬದುವಿನ ಹಾಗೆ ನೆರಳು ಏಳುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಈ ತಗ್ಗು ಇರುವುದು ಚಿತ್ರದ ಒಳಗಲ್ಲ, ನೀವು ಖಾಲಿ ಎನ್ನುವ ಜಾಗದಲ್ಲಿ. ಕಾಗದ ಮಾಸಿದರೆ ತೊಳೆಯಬಲ್ಲೆ, ಹರಿದರೆ ಅಂಟಿಸಬಲ್ಲೆ. ಈ ತಗ್ಗನ್ನು ಮಾತ್ರ ನನ್ನಿಂದ ಮರಳಿ ತರಲಾಗದು. ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಸುಕ್ಕು ತೆಗೆಯುವವರಿಗೂ ಇದೇ ಮಾತು.

ತಗ್ಗು ಇದ್ದ ಮಾತ್ರಕ್ಕೆ ಅಸಲಿ ಎಂದು ನಾನು ಬರೆದುಕೊಡುವುದಿಲ್ಲ. ಫೋಟೊದಿಂದ ಮಾಡಿದ ಗ್ರಾವ್ಯೂರ್ ಅಚ್ಚುಗಳಿಗೂ ಅದು ಇರುತ್ತದೆ, ಸುಳ್ಳು ತಗ್ಗು ಒತ್ತುವವರೂ ಇದ್ದಾರೆ. ಆದರೆ ಪರಿಶೀಲನೆ ಶುರುವಾಗುವುದೇ ಅಲ್ಲಿಂದ. ಈ ಫಲಕದ ಅಳತೆ ಸುಮಾರು 15 ಸೆಂಟಿಮೀಟರಿಗೆ 22.5. ಒದ್ದೆ ಕಾಗದ ಒಣಗುವಾಗ ಕುಗ್ಗುವುದರಿಂದ ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ಒಪ್ಪಬಹುದು. ತಗ್ಗೇ ಇಲ್ಲದಿದ್ದರೆ ಅಳೆಯುವುದು ಏನನ್ನು?

"ವಿಸ್ಲರ್ ತಾನೇ ಅಂಚು ಕತ್ತರಿಸುತ್ತಿದ್ದನಂತೆ" ಎಂದು ಎಲ್ಲೋ ಓದಿಕೊಂಡು ಬಂದು ವಾದಿಸುವವರಿದ್ದಾರೆ. ನಿಜ. ವೆನಿಸ್ಸಿನಿಂದ ಮರಳಿದ ಮೇಲೆ, 1880ರ ದಶಕದಲ್ಲಿ, ಫಲಕದ ಅಂಚಿನವರೆಗೂ ಕತ್ತರಿಸಿ, ಕೆಳಗೆ ಒಂದು ಪುಟ್ಟ ನಾಲಗೆಯಷ್ಟು ಕಾಗದ ಉಳಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ತನ್ನ ಚಿಟ್ಟೆಯ ಗುರುತು ಹಾಕುತ್ತಿದ್ದ. ಅದು ಮಾಡಿದವನ ತೀರ್ಮಾನ, ಅವನದೇ ಕೈ. ಆ ನಾಲಗೆಯನ್ನೂ 'ಅಡ್ಡ ಬರುತ್ತಿತ್ತು' ಎಂದು ಕತ್ತರಿಸಿದ ಅಚ್ಚು ನನ್ನ ಮೇಜಿಗೆ ಬಂದಿದೆ. ಸಹಿಯೇ ಹೋಗಿತ್ತು. ಅದನ್ನು ತಂದ ಹುಡುಗಿ ಅತ್ತದ್ದು ಇನ್ನೂ ನೆನಪಿದೆ.

ವಿಸ್ಲರ್ 1871ರಲ್ಲಿ ತಾಯಿಯ ಚಿತ್ರ ಬಿಡಿಸಿದಾಗ ಹಿಂದಿನ ಗೋಡೆಯಲ್ಲಿ ತೂಗುಹಾಕಿದ್ದು ಇದೇ 'ಬ್ಲ್ಯಾಕ್ ಲಯನ್ ವಾರ್ಫ್'. ಕಪ್ಪು ಚೌಕಟ್ಟು, ಒಳಗೆ ಅಗಲವಾದ ಬಿಳಿ ಅಂಚು. ಹಿರಿಯರಿಗೆ ಮೊಬೈಲಿನಲ್ಲಿ ಅದನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು, ಮಾತಾಡಲಿಲ್ಲ. ಬೈಯಬೇಕೆಂದುಕೊಂಡಿದ್ದವಳು ಕಾಫಿ ತರಿಸಿ, ಅಂಗಡಿಗೆ ಫೋನ್ ಮಾಡಿ ಕತ್ತರಿಸಿದ ಪಟ್ಟಿಗಳನ್ನು ಹುಡುಕಿಸಲು ಹೇಳಿದೆ.

ಮೂರನೆಯ ದಿನ ಕೊರಿಯರ್ ಬಂತು. ಅಂಟಿನ ಕಲೆ ಹತ್ತಿದ್ದ ಎರಡು ಪಟ್ಟಿಗಳು, ಒಂದು ಕೆಳಗಿನದು, ಒಂದು ಎಡಗಡೆಯದು. ಟಾರ್ಚು ಓರೆಯಾಗಿ ಹಿಡಿದೆ; ಎರಡರ ಮೇಲೂ ಬದು ಎದ್ದಿತು. ಈಗ ಉದ್ದವನ್ನೂ ಅಗಲವನ್ನೂ ಅಳೆಯಬಹುದು.