ಕುಂಡದಲ್ಲಿ ಕಾಫಿ ಗಿಡ: ನೆರಳು, ನೀರು, ಹೂವು

ಅರೇಬಿಕಾ ಕಾಫಿಯ ತವರು ಇಥಿಯೋಪಿಯಾದ ಎತ್ತರದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ ಬೆಳೆಯುತ್ತದೆ. ನಮ್ಮ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲೂ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳಲ್ಲೇ ಕಾಫಿ ಇರುವುದು. ಇಷ್ಟು ನೆನಪಿದ್ದರೆ ಮನೆಯ ಆರೈಕೆಯ ಮುಕ್ಕಾಲು ಪಾಲು ತಾನಾಗೇ ಹೊಳೆಯುತ್ತದೆ.

ಮನೆಗೆ ಅರೇಬಿಕಾನೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ತನ್ನದೇ ಪರಾಗ ಸಾಕು, ಒಂಟಿ ಗಿಡವೂ ಕಾಯಿ ಕಚ್ಚುತ್ತದೆ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು.

ಹುರಿದ ಬೀಜ ಮೊಳೆಯುವುದಿಲ್ಲ. ಅಂಗಡಿಯ ಹಸಿರು ಬೀಜವನ್ನೂ ನಂಬಬೇಡಿ, ದಿನ ಕಳೆದಂತೆ ಅದರ ಮೊಳೆಯುವ ಶಕ್ತಿ ಹೋಗಿಬಿಡುತ್ತದೆ. ಪರಿಚಯದವರ ತೋಟದಿಂದ ಚೆನ್ನಾಗಿ ಕೆಂಪಾದ ಹಣ್ಣು ತನ್ನಿ. ಸಿಪ್ಪೆ ಬಿಡಿಸಿ, ಲೋಳೆ ತೆಗೆದು, ನೆರಳಲ್ಲಿ ಆರಿಸಿ, ಚಪ್ಪಟೆ ಭಾಗ ಕೆಳಗೆ ಬರುವಂತೆ ಊರಿ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ಬೀಜವನ್ನು ತಲೆ ಮೇಲೆ ಹೊತ್ತು ಮೇಲೇಳುತ್ತದೆ. ನರ್ಸರಿಯವರು ಇದನ್ನು ಟೋಪಿ ಹಂತ ಅನ್ನುತ್ತಾರೆ. ಅಷ್ಟು ಕಾಯಲು ಆಗದಿದ್ದರೆ ಸಸಿಯನ್ನೇ ತನ್ನಿ.

ತಾಯಿಬೇರು ಆಳಕ್ಕೆ ಇಳಿಯುವುದರಿಂದ ಆಳವಾದ ಕುಂಡ ಬೇಕು. ಮಣ್ಣು ಸಡಿಲವಾಗಿರಲಿ, ನೀರು ನಿಲ್ಲದಿರಲಿ. ಬೆಳಗಿನ ಎಳೆ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟಂತಾಗುತ್ತದೆ. ಕಾಫಿಗೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಪಿಎಚ್ 6ರಿಂದ 6.5. ಬೆಂಗಳೂರಿನಂಥ ಕಡೆ ಗಡಸು ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದರೆ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗಬಹುದು. ಆ ನೀರಿನಿಂದ ಮಣ್ಣಿನ ಹುಳಿ ಕಡಿಮೆಯಾಗಿ, ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗದಿರುವುದು ಇದಕ್ಕೆ ಕಾರಣ. ಮಳೆನೀರು ಹಿಡಿದಿಟ್ಟು ಹಾಕಿ.

ಈಗ ಹೂವಿನ ವಿಷಯ. ಮೂರ್ನಾಲ್ಕು ವರ್ಷವಾದರೂ ಹೂವೇ ಇಲ್ಲ ಅಂತ ಬೇಸರಪಡುವವರು ಜಾಸ್ತಿ. ತೋಟದಲ್ಲಿ ಏನಾಗುತ್ತದೆ ನೋಡಿ. ಮಳೆಗಾಲ ಮುಗಿದ ಮೇಲೆ ರೆಂಬೆಯ ಗೆಣ್ಣುಗಳಲ್ಲಿ ಮೊಗ್ಗು ಕೂರುತ್ತದೆ. ಆಮೇಲೆ ಒಣ ತಿಂಗಳುಗಳಲ್ಲಿ ಅದು ಬೆಳೆಯದೆ ನಿದ್ದೆಯಲ್ಲಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬಿದ್ದರೆ, ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿಸುತ್ತಾರೆ. ಮೊಗ್ಗು ಎಚ್ಚರವಾಗಲು ಒಣಗುವುದೂ ಬೇಕು, ಆಮೇಲೆ ಒಮ್ಮೆಲೇ ನೆನೆಯುವುದೂ ಬೇಕು. ಮನೆಯಲ್ಲಿ ನಾವು ವರ್ಷವಿಡೀ ದಿನಾ ನೀರು ಹಾಕುತ್ತೇವಲ್ವಾ? ಗಿಡಕ್ಕೆ ಆ ಬೇಸಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಜನವರಿಯಿಂದ ಕೆಲವು ವಾರ ನೀರು ಕಡಿಮೆ ಮಾಡಿ. ಎಲೆ ತುಸು ಜೋಲಬೇಕು, ಉದುರಬಾರದು. ನಂತರ ತಳದಿಂದ ನೀರು ಹರಿಯುವಷ್ಟು ನೆನೆಸಿ, ಎಲೆಗಳ ಮೇಲೂ ಹುಯ್ಯಿರಿ. ಅಲ್ಲಿಂದ ಮತ್ತೆ ಒಣಗಲು ಬಿಡಬೇಡಿ, ಕಾಯಿ ಉದುರುತ್ತದೆ. ಹಣ್ಣಾಗಲು ಎಂಟು ಒಂಬತ್ತು ತಿಂಗಳು ಬೇಕು.

ಕತ್ತರಿ ಹಿಡಿಯುವಾಗಲೂ ಜೋಪಾನ. ತುದಿ ಚಿವುಟಿ ಗಿಡವನ್ನು ಗಿಡ್ಡವಾಗಿಡಬಹುದು. ಆದರೆ ಕಾಂಡದಿಂದ ಹೊರಟ ಅಡ್ಡ ರೆಂಬೆಯನ್ನು ಬುಡಕ್ಕೇ ಕಡಿದರೆ, ಅದೇ ಜಾಗದಲ್ಲಿ ಇನ್ನೊಂದು ಬರುವುದಿಲ್ಲ. ಹೂವು ಬಿಡುವುದು ಈ ಅಡ್ಡ ರೆಂಬೆಗಳಲ್ಲೇ.