ಬಾಲದಿಂದ ಕೆಸರು ಕೊರೆಯುವ ಹಾವುಮೀನು

ಮಳೆಗಾಲ ಮುಗಿದ ಮೇಲಿನ ಒಂದು ಸಂಜೆ, ಗೋವಾದ ಜುವಾರಿ ನದಿಯ ಅಂಚಿನ, ಖಾಜನ್ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳ ಒಡ್ಡಿನ ಮೇಲೆ ನಿಂತಿದ್ದೆವು. ಇಳಿತದ ಹೊತ್ತಾದ್ದರಿಂದ ಗದ್ದೆಯ ನೀರು, ಕೊಂಕಣಿಗರು 'ಮಾನಸ್' ಎನ್ನುವ ತೂಬಿನ ಮರದ ಬಾಗಿಲುಗಳನ್ನು ತಾನೇ ತಳ್ಳಿಕೊಂಡು ಹೊಳೆಗೆ ಇಳಿಯುತ್ತಿತ್ತು. ತೂಬಿನ ಬಾಯಿಗೆ ಕಟ್ಟಿದ್ದ ಬಲೆಯನ್ನು ಮೀನುಗಾರ ಎತ್ತಿದಾಗ ಸಿಗಡಿ, ಏಡಿಗಳ ನಡುವೆ ತೋಳುದ್ದದ ಕಂದು ಜೀವಿಯೊಂದು ಹೊರಳಾಡಿತು. ನಾನು ಹಿಂದೆ ಸರಿದೆ. ವಾಸ್ಕೋದಲ್ಲಿ ನೆಲೆಸಿರುವ ಕುಮಟಾದ ಗೆಳೆಯ ನಕ್ಕು, "ಹಾವಲ್ಲ ಮಾರಾಯ, ಹಾವುಮೀನು. ನಮ್ಮ ಗಜನಿಯಲ್ಲೂ ಇರ್ತದೆ" ಎಂದ. ಇಂಥ ಗದ್ದೆಗಳಿಗೆ ಅವನೂರಿನ ಕಡೆ ಗಜನಿ ಎನ್ನುತ್ತಾರೆ. ಮೀನುಗಾರ ಅದನ್ನು ಕೆಸರಿಗೆ ಎಸೆದ. ಅದರ ತಲೆ ಯಾವ ಕಡೆಗೆ ತಿರುಗೀತೆಂದು ನಾವು ನೋಡುತ್ತಿರುವಾಗಲೇ ಬಾಲ ಕೆಸರನ್ನು ಹೊಕ್ಕಿತ್ತು. ದೇಹ ಹಿಂದುಹಿಂದಾಗಿ ಇಳಿಯುತ್ತ ಹೋಗಿ, ಕೊನೆಗೆ ಮೂತಿಯಷ್ಟೇ ಉಳಿದು, ಅದೂ ಮುಳುಗಿತು.

ಇದರ ಶಾಸ್ತ್ರೀಯ ಹೆಸರು ಪಿಸೊಡೊನೊಫಿಸ್ ಬೋರೊ. ಸುಮಾರು ಒಂದು ಮೀಟರ್ ಉದ್ದ ಬೆಳೆಯುವ ಈ ಮೀನು ಹಿಂದೂ ಮಹಾಸಾಗರದ ಹಾಗೂ ಪಶ್ಚಿಮ ಪೆಸಿಫಿಕ್‌ನ ಅಳಿವೆಗಳಲ್ಲಿ, ಹಿನ್ನೀರಿನಲ್ಲಿ, ಕೆಲವೊಮ್ಮೆ ಭತ್ತದ ಗದ್ದೆಗಳಲ್ಲಿಯೂ ವಾಸಿಸುತ್ತದೆ. ಇದನ್ನು 1822ರಲ್ಲಿ, ಗಂಗಾ ನದಿಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಅಂದರೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ನಮ್ಮ ಬೆಳೆ, ಜಾತಿ, ಸುಂಕಗಳನ್ನೆಲ್ಲ ಬರೆದಿಟ್ಟ ಅದೇ ಬುಕಾನನ್; ಹ್ಯಾಮಿಲ್ಟನ್ ಎಂಬುದು ಅವನು ಆಮೇಲೆ ಇಟ್ಟುಕೊಂಡ ಹೆಸರು. ನಮ್ಮಲ್ಲಿ ಚರಿತ್ರೆಯ ವಿದ್ಯಾರ್ಥಿಗಳು ಮಾತ್ರ ನೆನೆಯುವ ಈತನಿಗೆ ಮೀನುಶಾಸ್ತ್ರದಲ್ಲಿ ಅದಕ್ಕಿಂತ ಕಡಿಮೆಯ ಸ್ಥಾನವೇನಿಲ್ಲ.

ಮೀನೆಂದರೆ ಬಾಲದ ಕೊನೆಯಲ್ಲಿ ಬೀಸಣಿಗೆಯಂಥ ರೆಕ್ಕೆಯಿರಬೇಕು. ಈ ಮೀನಿಗೆ ಅದಿಲ್ಲ. ಬೆನ್ನಿನ ರೆಕ್ಕೆಯೂ ಹೊಟ್ಟೆಯಡಿಯ ರೆಕ್ಕೆಯೂ ತುದಿಗೆ ತುಸು ಮೊದಲೇ ನಿಂತುಬಿಡುತ್ತವೆ. ಅಲ್ಲಿಂದಾಚೆ ಉಳಿಯುವುದು ದಪ್ಪ ಚರ್ಮ ಹೊದ್ದ, ಗಡುಸಾದ, ಮೊನಚು ಎಲುಬಿನ ತುದಿ. ಅದನ್ನು ಕೆಸರಿಗೆ ಚುಚ್ಚಿ, ದೇಹವನ್ನು ಅತ್ತಿತ್ತ ಬಳುಕಿಸುತ್ತ, ಸಡಿಲವಾದ ಜಾಗಕ್ಕೆ ಅದು ಹಿಮ್ಮುಖವಾಗಿ ಜಾರಿಕೊಳ್ಳುತ್ತದೆ. ಹುರುಪೆಯಿಲ್ಲದ, ಲೋಳೆ ಮೆತ್ತಿದ ಮೈ ಮಣ್ಣಿನ ಘರ್ಷಣೆಯನ್ನು ತಗ್ಗಿಸುತ್ತದೆ. ಬೇಕೆಂದಾಗ ತಲೆಯಿಂದಲೂ ಕೊರೆಯಬಲ್ಲದು. ಆದ್ದರಿಂದಲೇ ಅದರ ತಲೆಬುರುಡೆ ಗಟ್ಟಿ, ಕಣ್ಣುಗಳು ಮಾತ್ರ ತೀರ ಚಿಕ್ಕವು. ಕೊಳವೆಯಂತೆ ಚಾಚಿದ ಮುಂದಿನ ಮೂಗಿನ ಹೊಳ್ಳೆಗಳು ಮೇಲ್ದುಟಿಯಿಂದ ಕೆಳಮುಖವಾಗಿ ಇಳಿದಿವೆ. ಗಂಟಲಿನ ಕೆಳಗೆ ತೆಳ್ಳನೆಯ ಎಲುಬಿನ ಕಡ್ಡಿಗಳು ಒಂದರ ಮೇಲೊಂದು ಹಾಯ್ದು ಬುಟ್ಟಿಯಂತೆ ಹೆಣೆದುಕೊಂಡಿರುತ್ತವೆ. ಹಾವುಮೀನುಗಳ ಈ ಕುಟುಂಬಕ್ಕೇ ವಿಶಿಷ್ಟವಾದ ಗುರುತದು. ಬಾಯಿಯಲ್ಲಿರುವುದು ಕೋರೆಹಲ್ಲಲ್ಲ, ಏಡಿಯ ಚಿಪ್ಪನ್ನು ಅರೆಯಲು ತಕ್ಕ ಮೊಂಡು ಹಲ್ಲುಗಳು.

ಕಡಲ ಹಾವೆಂದು ಹೆದರಿ ಇದನ್ನು ಬಡಿದು ಕೊಲ್ಲುವವರಿದ್ದಾರೆ. ಕಡಲ ಹಾವಿಗೆ ಹುರುಪೆಯಿದೆ, ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಬಾಲವಿದೆ, ಉಸಿರಿಗಾಗಿ ಅದು ನೀರಿನ ಮೇಲೆ ಬರಲೇಬೇಕು. ಹಾವುಮೀನಿಗೆ ಕಿವಿರುಗಳಿವೆ, ವಿಷವಿಲ್ಲ. ಬಾಲವೊಂದನ್ನು ನೋಡಿದರೂ ಸಾಕು.

ಮರಿಗಳ ಸಂಗತಿ ಇನ್ನೂ ವಿಚಿತ್ರ. ಹಾವುಮೀನುಗಳ ಮರಿ ಹಾವಿನಂತಿರದೆ, ಗಾಜಿನಷ್ಟು ಪಾರದರ್ಶಕವಾದ ಎಲೆಯಂತೆ ಕಡಲಿನಲ್ಲಿ ತೇಲುತ್ತದೆ. ಇಂಥ ಮರಿಗಳನ್ನು ಹಿಂದಿನ ವಿಜ್ಞಾನಿಗಳು ಬೇರೆಯೇ ಮೀನೆಂದು ತಿಳಿದು 'ಲೆಪ್ಟೊಸೆಫಾಲಸ್' ಎಂಬ ಹೆಸರನ್ನೂ ಕೊಟ್ಟಿದ್ದರು. ಅವು ಹಾವುಮೀನುಗಳೂ ಸೇರಿದ ಈಲ್ ಗುಂಪಿನ ಮೀನುಗಳ ಮರಿಗಳೆಂಬುದನ್ನು ಯುರೋಪಿನ ಈಲ್‌ನ ವಿಷಯದಲ್ಲಿ ತೋರಿಸಿಕೊಟ್ಟವರು ಇಟಲಿಯ ಗ್ರಾಸಿ ಮತ್ತು ಕಲಾಂಡ್ರುಚೊ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ.

ಮರಳುವ ದಾರಿಯಲ್ಲಿ ಗೆಳೆಯ, ಇದನ್ನು ದೊಡ್ಡ ಮೀನು ನುಂಗಿದರೆ ಏನಾಗುತ್ತದೆಂದು ಕೇಳಿದ. ಜೀವಂತವಾಗಿ ನುಂಗಲ್ಪಟ್ಟ ಹಾವುಮೀನುಗಳು ಕೆಲವೊಮ್ಮೆ ಅಲ್ಲಿಯೂ ತಮಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತವೆ. ಗಡುಸಾದ ಬಾಲದಿಂದ ಜಠರದ ಗೋಡೆಯನ್ನು ಕೊರೆದು ಹೊರಬರುವ ಅವು ದೇಹದ ಕುಹರದಲ್ಲಿ ಸಿಕ್ಕಿ ಸಾಯುತ್ತವೆ. ನುಂಗಿದ ಮೀನು ಎಷ್ಟೋ ಸಲ ಅದನ್ನು ಒಡಲಲ್ಲಿ ಹೊತ್ತುಕೊಂಡೇ ಬದುಕುತ್ತದೆ. ಅದನ್ನು ಹಿಡಿದು ಸೀಳಿದವರಿಗೆ ಕರುಳಿಗೆ ಸುತ್ತಿಕೊಂಡು ಒಣಗಿದ ಹಾವುಮೀನು ಸಿಗುತ್ತದೆ.