ಅಜ್ಜನ ವಾಲ್ವ್ ರೇಡಿಯೋಗೆ ಫೋನ್ ಜೋಡಿಸುವ ಮುಂಚೆ

"ಸರ್, ಅಜ್ಜನ ಕಾಲದ ವಾಲ್ವ್ ಸೆಟ್ಟು. ಹಿಂದುಗಡೆ ಗ್ರಾಮಫೋನಿಗೆ ಅಂತ ಎರಡು ತೂತಿದೆ. ಅದಕ್ಕೆ ಆಕ್ಸ್ ವೈರ್ ಹಾಕಿದ್ರೆ ಫೋನಿನ ಹಾಡು ಬರುತ್ತಲ್ವಾ?"

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. (ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೋದಲ್ಲಿರುತ್ತಿದ್ದ ಗಾಜಿನ ಕೊಳವೆ.) ಆ ತೂತುಗಳು ಇರುವುದೇ ರೆಕಾರ್ಡ್ ಪ್ಲೇಯರಿನ ಪಿಕಪ್ಪಿಗೆ, ಫೋನಿನ ಹೆಡ್‌ಫೋನ್ ಸಿಗ್ನಲ್ ಅದಕ್ಕೆ ಧಾರಾಳವಾಗಿ ಸಾಕು. ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಕೇಳುವುದು ಬೇರೆ. ಚಾಸಿಸ್‌ನಲ್ಲಿ (ಭಾಗಗಳನ್ನೆಲ್ಲ ಕೂರಿಸಿರುವ ಒಳಗಿನ ಕಬ್ಬಿಣದ ತಟ್ಟೆಯಲ್ಲಿ) ಕರೆಂಟು ಇದೆಯಾ ಅಂತ ನೋಡಿದಿರಾ? ಹತ್ತರಲ್ಲಿ ಒಂಬತ್ತು ಜನ ನೋಡಿರುವುದಿಲ್ಲ. ಹೇಳಿದರೂ ನಂಬುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಮಾರಾಟವಾದ ಹಳೆಯ ಸೆಟ್ಟುಗಳಲ್ಲಿ ಬಹಳಷ್ಟು ಎಸಿ-ಡಿಸಿ ಸೆಟ್ಟುಗಳು, ಅಂದರೆ ಎರಡೂ ಬಗೆಯ ಕರೆಂಟಿಗೆ ಓಡುವಂಥವು. ಆಗ ಕಲ್ಕತ್ತಾದಂಥ ಊರುಗಳ ಹಲವು ಭಾಗಗಳಲ್ಲಿ ಮನೆಗೆ ಡಿಸಿ ಕರೆಂಟೇ ಬರುತ್ತಿತ್ತು, ಡಿಸಿಗೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ. ಹಾಗಾಗಿ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು, ವಾಲ್ವುಗಳ ಹೀಟರನ್ನೆಲ್ಲ (ವಾಲ್ವನ್ನು ಕಾಯಿಸುವ ಒಳಗಿನ ತಂತಿ) ಒಂದರ ಹಿಂದೆ ಒಂದು ಸರಣಿಯಲ್ಲಿ ಕೂರಿಸಿ, ನೇರ ಮೇನ್ಸಿಗೆ ಕೊಟ್ಟರು. ಬೆಲೆಯೂ ಕಡಿಮೆಯಾಯಿತು. ಅದರ ಪರಿಣಾಮ ಏನೆಂದರೆ ಗೋಡೆಯ ಪ್ಲಗ್ಗಿನ ಎರಡು ವೈರುಗಳಲ್ಲಿ ಒಂದು ಸೀದಾ ಚಾಸಿಸ್‌ಗೆ, ಆ ಕಬ್ಬಿಣದ ತಟ್ಟೆಗೆ, ಸೇರಿರುತ್ತದೆ. ಆಕ್ಸ್ ವೈರಿನ ಗ್ರೌಂಡ್ ತಂತಿಯನ್ನು ನೀವು ಸೇರಿಸುವುದೂ ಅದೇ ತಟ್ಟೆಗೆ. ಅಲ್ಲಿಂದ ಫೋನಿಗೆ, ಫೋನಿನಿಂದ ನಿಮ್ಮ ಕೈಗೆ.

"ನಾನು ಮುಟ್ಟಿ ನೋಡಿದೆ ಸರ್, ಏನೂ ಹೊಡೀಲಿಲ್ಲ" ಅನ್ನುತ್ತಾರೆ. ಹೊಡೆದಿರಲಿಕ್ಕಿಲ್ಲ, ಆ ಹೊತ್ತಿಗೆ ಚಾಸಿಸ್ ನ್ಯೂಟ್ರಲ್ ಮೇಲಿತ್ತು, ಅಂದರೆ ಶಾಕ್ ಹೊಡೆಯದ ವೈರಿನ ಮೇಲೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿ, ಅದೇ ಚಾಸಿಸ್ ಫೇಸಿನ ಮೇಲಿರುತ್ತದೆ, ಅಂದರೆ ಶಾಕ್ ಹೊಡೆಯುವ ವೈರಿನ ಮೇಲೆ. ಮೂರು ಪಿನ್ ಹಾಕಿಸಿದ್ದೇವೆ ಅಂದರೂ ಪೂರ್ತಿ ನಂಬಿಕೆ ಬೇಡ, ಹಳೆಯ ಮನೆಗಳಲ್ಲಿ ಸಾಕೆಟ್ಟಿನೊಳಗೇ ಫೇಸು ನ್ಯೂಟ್ರಲ್ ಅದಲುಬದಲಾಗಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕೆಲವು ಸೆಟ್ಟುಗಳಲ್ಲಿ ಸ್ವಿಚ್ ಇರುವುದು ಚಾಸಿಸ್ ಕಡೆಯ ವೈರಿನಲ್ಲಿ. ರೇಡಿಯೋ ಓಡುವಾಗ ಚಾಸಿಸ್ ನ್ಯೂಟ್ರಲ್, ಏನೂ ತೊಂದರೆ ಇಲ್ಲ. ಸ್ವಿಚ್ ಆಫ್ ಮಾಡಿದ ಕೂಡಲೇ ನ್ಯೂಟ್ರಲ್ ತಪ್ಪಿಹೋಗುತ್ತದೆ, ಫೇಸು ಹೀಟರುಗಳ ಮೂಲಕ ಹಾದು ಚಾಸಿಸ್‌ಗೆ ಬಂದು ಕೂರುತ್ತದೆ. ಆಫ್ ಆಗಿದೆ ಅಂತ ಧೈರ್ಯವಾಗಿ ಕೈ ಹಾಕುವುದು ಆಗಲೇ. ಆ ಕಾಲದ ಕಂಪನಿಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ತಿರುಗಿಸುವ ಗುಬುಟಿಯನ್ನು (ನಾಬ್) ಬಿಗಿಯುವ ಸಣ್ಣ ಸ್ಕ್ರೂವಿನ ತೂತಿಗೂ ಮೇಣ ತುಂಬಿಡುತ್ತಿದ್ದರು, ಬೆರಳು ತಾಗದಿರಲಿ ಅಂತ. ಈಗ ಗುಬುಟಿ ಬಿದ್ದುಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿರುವ ಸೆಟ್ಟುಗಳನ್ನು ಮಕ್ಕಳಿರುವ ಮನೆಯಲ್ಲಿ ಹಾಗೇ ಓಡಿಸುತ್ತಾರೆ. ದಯವಿಟ್ಟು ಬೇಡ.

ಗುರುತು ಹಿಡಿಯುವುದು ಹೇಗೆ? ವಾಲ್ವಿನ ಹೆಸರು ಯು ಅಕ್ಷರದಿಂದ ಶುರುವಾದರೆ (ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85) ಅದು ಸರಣಿ ಹೀಟರಿನದು, ಚಾಸಿಸ್ ಲೈವ್, ಅಂದರೆ ಕರೆಂಟು ಇರುವಂಥದ್ದು, ಅಂತಲೇ ತಿಳಿಯಿರಿ. ಇ ಇಂದ ಶುರುವಾದರೆ 6.3 ವೋಲ್ಟಿನದು, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಕೆಲವದರಲ್ಲಿ ಇರುವುದು ಆಟೋ ಟ್ರಾನ್ಸ್‌ಫಾರ್ಮರ್. ನೋಡಲು ಟ್ರಾನ್ಸ್‌ಫಾರ್ಮರೇ, ಆದರೆ ಒಂದೇ ಸುರುಳಿ, ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಆದ್ದರಿಂದ ಮೀಟರಿನಲ್ಲಿ ನೋಡಿ. ಪ್ಲಗ್ ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ, ರೇಡಿಯೋದ ಸ್ವಿಚ್ ಆನ್ ಇರಲಿ, ಪ್ಲಗ್ಗಿನ ಒಂದೊಂದೇ ಪಿನ್ನಿನಿಂದ ಚಾಸಿಸ್‌ಗೆ ಓಮ್ಸ್ ಅಳೆಯಿರಿ. ಸೊನ್ನೆಯೋ, ಕೆಲವು ನೂರು ಓಮ್ಸೋ ತೋರಿಸಿದರೆ ಆ ಸೆಟ್ಟಿಗೆ ಯಾವ ವೈರನ್ನೂ ನೇರವಾಗಿ ಜೋಡಿಸಬೇಡಿ.

ಚಾಮರಾಜಪೇಟೆಯ ಒಂದು ಹಳೆಯ ಮನೆಯಿಂದ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಹುಡುಗ, ಸಾಫ್ಟ್‌ವೇರ್ ಕೆಲಸ. ಲ್ಯಾಪ್‌ಟಾಪ್ ಜೋಡಿಸಿದಾಗಲೆಲ್ಲ ಮನೆಯ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿತ್ತಂತೆ. "ಅದಕ್ಕೆ ಸರ್, ಹಿಂದಿನ ರೂಮಿನ ಹಳೇ ಲೈನಿಗೆ ಹಾಕಿದ್ವಿ, ಅಲ್ಲಿ ಟ್ರಿಪ್ ಆಗಲ್ಲ." ಅಲ್ಲಿ ಆರ್‌ಸಿಸಿಬಿಯೇ ಇರಲಿಲ್ಲ! ಕೆಂಪು ಗಾರೆ ನೆಲ, ಬರಿಗಾಲು. ಆ ಹುಡುಗನ ಜೀವ ಉಳಿಸುತ್ತಿದ್ದ ಒಂದೇ ಸಾಧನವನ್ನು ಅವನೇ ತಪ್ಪಿಸಿದ್ದ. ನನಗೆ ಸಿಟ್ಟು ಬಂತು, ಬೈದೆ, ಆಮೇಲೆ ಕೂರಿಸಿ ಕಾಫಿ ಕೊಟ್ಟು ಮೇಲಿನದನ್ನೆಲ್ಲ ಹೇಳಿದೆ.

ಸ್ಟೆಬಿಲೈಜರ್ ಇದೆ, ಸಾಲದಾ ಅಂತ ಕೇಳುತ್ತಾರೆ. ಸಾಲದು. ಮನೆಯ ಸ್ಟೆಬಿಲೈಜರುಗಳಲ್ಲಿ ಸಾಮಾನ್ಯವಾಗಿ ಇರುವುದು ಅದೇ ಆಟೋ ಟ್ರಾನ್ಸ್‌ಫಾರ್ಮರ್. ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್ ಕೂಡ ಅದೇ. ಆಕ್ಸ್‌ನ ಎರಡೂ ವೈರಿಗೆ ಒಂದೊಂದು ಕಂಡೆನ್ಸರ್ (ಕೆಪಾಸಿಟರ್) ಹಾಕಿ ಅನ್ನುವವರೂ ಇದ್ದಾರೆ. 0.1 ಮೈಕ್ರೊಫ್ಯಾರಡ್ ಕಂಡೆನ್ಸರ್ 230 ವೋಲ್ಟಿನಲ್ಲಿ ಸುಮಾರು 7 ಮಿಲಿಆಂಪಿಯರ್ ಬಿಡುತ್ತದೆ. ನೋವಾಗುವಷ್ಟು ಶಾಕ್ ಅದು, ಕಂಡೆನ್ಸರ್ ಶಾರ್ಟ್ ಆದ ದಿನ ಪೂರ್ತಿ ಫೇಸು. ಗುಂಯ್ ಸದ್ದು ತೆಗೆಯಲು ಕಾರಿನ ಸ್ಟೀರಿಯೋಗೆ ಮಾರುವ ಗ್ರೌಂಡ್ ಲೂಪ್ ಡಬ್ಬಿಗಳನ್ನು ಮೇನ್ಸ್ ತಡೆಯುವುದಕ್ಕೆ ಮಾಡಿರುವುದಿಲ್ಲ.

ಸರಿಯಾದ ದಾರಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. 230ಕ್ಕೆ 230, ಎರಡು ಬೇರೆ ಬೇರೆ ಸುರುಳಿ, 100 ವಿಎ ಸಾಕು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವಿಚಾರಿಸಿದರೆ ಸುತ್ತಿಕೊಡುವವರು ಸಿಗುತ್ತಾರೆ. ಅದನ್ನು ಹಾಕಿದ ಮೇಲೆ ಚಾಸಿಸ್‌ಗೆ ಅರ್ತ್ ಕೊಡಬಹುದು, ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಅದಿಲ್ಲದೆ ಅರ್ತ್ ಕೊಟ್ಟರೆ ಫೇಸು ಸೀದಾ ನೆಲಕ್ಕೆ, ಫ್ಯೂಸ್ ಹಾರುವುದು ಪುಣ್ಯ. ಈ ಟ್ರಾನ್ಸ್‌ಫಾರ್ಮರ್ ಇದ್ದರೂ ರೇಡಿಯೋ ಒಳಗೆ 200 ವೋಲ್ಟಿನ ಮೇಲೆ ಡಿಸಿ ಇರುತ್ತದೆ, ಓಡುವಾಗ ಕೈ ಹಾಕಬೇಡಿ. ಹಳೆಯ ಕಂಡೆನ್ಸರುಗಳನ್ನು ಬದಲಾಯಿಸುವ ವಿಷಯ ನಿಮ್ಮ ಮೆಕ್ಯಾನಿಕ್ ಹೇಳಿಯೇ ಹೇಳುತ್ತಾರೆ.

ಮಲ್ಲೇಶ್ವರದ ಒಬ್ಬರು ಅಜ್ಜಿ ಯಜಮಾನರ ರೇಡಿಯೋ ತಂದಿದ್ದರು. "ನೋಡಪ್ಪಾ, ಹಾಡು ಇದರೊಳಗಿಂದಲೇ ಬರಬೇಕು, ಪಕ್ಕದಲ್ಲಿ ಇನ್ನೊಂದು ಡಬ್ಬ ಇಡೋದು ಬೇಡ." ಅವರಿಗೆ ಬ್ಯಾಟರಿಯ ಸಣ್ಣ ಬ್ಲೂಟೂತ್ ರಿಸೀವರ್ ಒಂದನ್ನು ಮರದ ಪೆಟ್ಟಿಗೆಯೊಳಗೇ ಕೂರಿಸಿಕೊಟ್ಟೆ. ಹೊರಗೆ ಒಂದೂ ವೈರ್ ಇಲ್ಲ, ಲೋಹ ಇಲ್ಲ, ಹಿಂದಿನ ಮುಚ್ಚಳ ಭದ್ರ. ಇದು ನನಗೆ ಇಷ್ಟವಾದ ವಿಧಾನ. ಎಡ ಬಲ ಎರಡೂ ಚಾನೆಲ್ಲುಗಳನ್ನು ಸುಮ್ನೆ ಗಂಟು ಹಾಕಬೇಡಿ, ಒಂದೊಂದಕ್ಕೂ 1 ಕಿಲೋಓಮ್ ಹಾಕಿ ಸೇರಿಸಿ, ರಿಸೀವರ್ ಹಾಳಾಗುವುದಿಲ್ಲ.

ಆದರೆ ಚಾರ್ಜ್ ಮಾಡುವಾಗ ಜೋಕೆ. ರಿಸೀವರ್ ಒಳಗೆ ಜೋಡಿಸಿದ್ದಾಗಲೇ ಯುಎಸ್‌ಬಿ ವೈರ್ ಚುಚ್ಚಿದರೆ, ಆ ವೈರಿನ ತುದಿಯ ಲೋಹವೂ ಚಾಸಿಸ್ ಆಯಿತು. ಅದೇ ಚಾರ್ಜರಿನ ಇನ್ನೊಂದು ತೂತಿನಲ್ಲಿ ಮೊಮ್ಮಗಳ ಫೋನ್ ಇದ್ದರೆ ಅದೂ ಆಯಿತು. ಮೊದಲು ರೇಡಿಯೋ ಪ್ಲಗ್ ಗೋಡೆಯಿಂದ ಕಿತ್ತುಹಾಕಿ. ರಿಸೀವರನ್ನು ಬಿಚ್ಚಿ ಹೊರಗೆ ತೆಗೆದು ಚಾರ್ಜ್ ಮಾಡಿ. ಮತ್ತೆ ಕೂರಿಸಿ ಮುಚ್ಚಳ ಹಾಕಿದ ಮೇಲೆಯೇ ಪ್ಲಗ್.